ಕೈತೋಟ ಪ್ರಶ್ನೋತ್ತರ: ಈ ಯುಗಾದಿಗೆ ನಿಮ್ಮ ತೋಟದ ಗುರಿ ಏನು?

ಯುಗಾದಿ ಹತ್ರ ಬಂತು, ಈ ಸಲ ಬಂದಿರೋ ಪತ್ರ, ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಈ ವರ್ಷ ತೋಟದಲ್ಲಿ ಏನ್ ಮಾಡೋಣ, ಎಷ್ಟು ಗಿಡ ಇಡೋಣ, ಕಲೆಕ್ಷನ್ ಹೇಗೆ ಬೆಳೆಸೋಣ ಅಂತ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಬಿಟ್ಟೆ. ತೋಟದ ಗುರಿ ಇಟ್ಕೊಳ್ಳೋಕೆ ಜನವರಿ ಒಂದನೇ ತಾರೀಕಿಗಿಂತ ಯುಗಾದಿನೇ ಸರಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಯಾಕಂದ್ರೆ ಜನವರಿಯಲ್ಲಿ ಲಾಲ್‌ಬಾಗ್ ಫ್ಲವರ್ ಶೋ ನೋಡ್ಕೊಂಡು ಬಂದ ಖುಷಿಯಲ್ಲಿ ಪೆಟೂನಿಯಾ, ಪ್ಯಾನ್ಸಿ ಅಂತ ಚಳಿಗಾಲದ ಗಿಡಗಳನ್ನೇ ತುಂಬ್ಕೋತೀವಿ, ಬಿಸಿಲು ಏರ್ತಿದ್ದ ಹಾಗೆ ಅವು ಮುಗಿದೇ ಹೋಗ್ತವೆ, ಅವುಗಳ ಆಯಸ್ಸೇ ಅಷ್ಟು, ಆದ್ರೆ ಮನಸ್ಸಿಗೆ ಮಾತ್ರ ನನ್ನ ಕೈಯಲ್ಲಿ ಗಿಡ ಬದುಕಲ್ಲ ಅನ್ನೋ ಬೇಜಾರು ಉಳಿಯುತ್ತೆ. ಯುಗಾದಿಗೆ ಕೂತು ಯೋಚಿಸಿದ್ರೆ ಎದುರಿಗೆ ಬೇಸಿಗೆ, ಆಮೇಲೆ ಮುಂಗಾರು, ಹಿಂಗಾರು, ಚಳಿಗಾಲ, ಎಲ್ಲಾ ಒಂದೇ ಸಾಲಲ್ಲಿ ಕಾಣುತ್ತೆ.

ಪ್ರಶ್ನೆ: ಮೇಡಂ, ನಮ್ಮದು ಬೆಂಗಳೂರಿನ ವಿಜಯನಗರದಲ್ಲಿ ಥರ್ಟಿ ಫಾರ್ಟಿ ಸೈಟಿನ ಮನೆ, ಮೂರನೇ ಮಹಡಿ ಮೇಲೆ ಟೆರೇಸ್ ಇದೆ. ಪ್ರತಿ ವರ್ಷ 100 ಗ್ರೋ ಬ್ಯಾಗ್ (ಗಿಡ ಬೆಳೆಸೋ ಚೀಲ) ಮಾಡ್ಬೇಕು ಅಂತ ಶುರು ಮಾಡ್ತೀನಿ, ಮೇ ಮುಗಿಯೋಷ್ಟರಲ್ಲಿ ಅರ್ಧ ಒಣಗಿ ಹೋಗಿರುತ್ತೆ. ಈ ವರ್ಷನಾದ್ರೂ 100 ಮುಟ್ಟೋಕೆ ಏನ್ ಮಾಡ್ಲಿ?

ಮೊದಲು ಆ 100 ಅನ್ನೋ ಸಂಖ್ಯೆ ಬಿಟ್ಬಿಡಿ ಅಮ್ಮ. ಅದು ಬ್ಯಾಗಿನ ಲೆಕ್ಕ ಆಯ್ತು, ತೋಟದ ಗುರಿ ಆಗ್ಲಿಲ್ಲ. ಬದಲಿಗೆ ನೀರಿನಿಂದ ಶುರು ಮಾಡಿ. 20 ಲೀಟರಿನ ಒಂದು ಬ್ಯಾಗಿಗೆ ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ ಹತ್ರಹತ್ರ ಒಂದೂವರೆ ಲೀಟರ್ ನೀರು ಬೇಕು, ದೊಡ್ಡ ಟೊಮೆಟೊ ಗಿಡ ಇದ್ರೆ ಇನ್ನೂ ಜಾಸ್ತಿ. 100 ಬ್ಯಾಗ್ ಅಂದ್ರೆ ದಿನಾ 150 ಲೀಟರ್. ಟ್ಯಾಂಕರ್ ತರಿಸ್ಕೊಳ್ಳೋ ತಿಂಗಳಲ್ಲಿ ಅಷ್ಟು ನೀರು ಗಿಡಕ್ಕೆ ಕೊಡೋಕೆ ನಿಮ್ಮ ಮನೇಲಿ ಆಗುತ್ತಾ, ಊರಿಗೆ ಹೋದಾಗ ಯಾರು ಹಾಕ್ತಾರೆ, ಇದಕ್ಕೆ ಉತ್ತರ ಸಿಕ್ಕಿದ್ರೆ ನಿಮ್ಮ ಬ್ಯಾಗಿನ ಸಂಖ್ಯೆ ತಾನಾಗೇ ಸಿಗುತ್ತೆ. ಅದು 35 ಆಗಿರಬಹುದು, 40 ಆಗಿರಬಹುದು, ಅಷ್ಟೇ ಸಾಕು.

ಇನ್ನೊಂದು ಭಾರದ ವಿಷಯ, ಇದನ್ನ ಯಾರೂ ಹೇಳಲ್ಲ. ಜನ ಓಡಾಡೋ ತಾರಸಿಗೆ ಕಟ್ಟಡದ ನಿಯಮದಲ್ಲಿ ಲೆಕ್ಕ ಹಿಡಿಯೋದು ಒಂದು ಚದರ ಮೀಟರಿಗೆ ಸುಮಾರು 150 ಕೆಜಿ. ಮಣ್ಣು ಜಾಸ್ತಿ ಹಾಕಿರೋ 20 ಲೀಟರ್ ಬ್ಯಾಗು ನೀರು ಕುಡಿದ ಮೇಲೆ ಏನಿಲ್ಲ ಅಂದ್ರೂ 25 ಕೆಜಿ ತೂಗುತ್ತೆ, ಅಂದ್ರೆ ಒಂದು ಚದರ ಮೀಟರಲ್ಲಿ ಒತ್ತೊತ್ತಾಗಿ ಆರು ಬ್ಯಾಗ್ ಇಟ್ರೆ ಅಲ್ಲಿಗೆ ಮುಗೀತು, ನೀವು ಹೋಗಿ ನಿಂತ್ಕೊಳ್ಳೋಕೂ ಲೆಕ್ಕದಲ್ಲಿ ಜಾಗ ಇಲ್ಲ. ಅದಕ್ಕೇ ಕೆಂಪು ಮಣ್ಣು ಕಮ್ಮಿ ಮಾಡಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಜಾಸ್ತಿ ಮಾಡಿ, ದೊಡ್ಡ ಕುಂಡಗಳನ್ನ ಗೋಡೆ ಮತ್ತೆ ಬೀಮ್ ಇರೋ ಸಾಲಲ್ಲೇ ಇಡಿ, ನಡುಮಧ್ಯ ಗುಡ್ಡೆ ಹಾಕ್ಬೇಡಿ. ಹಳೇ ಮನೆ ಆದ್ರೆ ಇಂಜಿನಿಯರ್ ಒಬ್ಬರಿಗೆ ತೋರಿಸಿನೇ ಮುಂದುವರೀರಿ.

ಈಗ ಗುರಿಗೆ ಬರೋಣ. ನಿಮ್ಮ ಮನೆ ಅಡುಗೆ ನೋಡಿ. ವಾರದಲ್ಲಿ ಎರಡು ದಿನದ ಸೊಪ್ಪು ಟೆರೇಸಿಂದಾನೇ ಬರಬೇಕು, ಅಂಗಡಿಯಿಂದ ತರಬಾರದು ಅಂತ ಇಟ್ಕೊಳ್ಳಿ. ಇದು ಆಯ್ತಾ ಇಲ್ವಾ ಅಂತ ವಾರದ ಕೊನೆಗೆ ನಿಮಗೇ ಗೊತ್ತಾಗುತ್ತೆ. ಹರಿವೆ ಬಿತ್ತಿದ್ರೆ 25ರಿಂದ 30 ದಿನಕ್ಕೆ ಕೊಯ್ಲು, ಮೆಂತ್ಯ ಇನ್ನೂ ಬೇಗ, ಬಸಳೆ ಒಂದು ಸಲ ಹಬ್ಬಿದ್ರೆ ತಿಂಗಳುಗಟ್ಟಲೆ ಕೊಡುತ್ತೆ, ಒಂದೆಲಗ ದೊಡ್ಡಪತ್ರೆ ತಂಬುಳಿಗೆ ಮೂಲೇಲಿ ಇರುತ್ತೆ. ಎಲ್ಲಾ ಒಂದೇ ದಿನ ಬಿತ್ತಿದ್ರೆ ಒಂದು ವಾರ ಸೊಪ್ಪೇ ಸೊಪ್ಪು, ಆಮೇಲೆ ಒಂದು ತಿಂಗಳು ಏನೂ ಇಲ್ಲ. ಹತ್ತು ಹನ್ನೆರಡು ದಿನಕ್ಕೊಂದು ಬ್ಯಾಗ್ ಬಿತ್ತುತಾ ಹೋಗಿ. ಕೊತ್ತಂಬರಿ ಮಾತ್ರ ಈಗ ಬೇಡ, ಬಿಸಿಲಿಗೆ ಬೇಗ ಹೂ ಬಿಟ್ಬಿಡುತ್ತೆ, ಮಳೆ ಬಂದು ತಂಪಾಗ್ಲಿ.

ಮುಂಗಾರಿಗೆ ಎರಡನೇ ಗುರಿ ಇಟ್ಕೊಳ್ಳಿ, ಒಂದು ತರಕಾರಿದು ನಿಮ್ಮದೇ ಬೀಜ ಮಾಡ್ಕೊಳ್ಳೋದು. ಬೆಂಡೆ ಇದಕ್ಕೆ ಸುಲಭ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್ ಬಿಡುಗಡೆ ಮಾಡಿರೋ ಅರ್ಕಾ ಅನಾಮಿಕ ಬೆಂಡೆ ಹಳದಿ ನಂಜು ರೋಗ ತಡೆಯೋ ತಳಿ, ಹೈಬ್ರಿಡ್ ಅಲ್ಲ, ಹಾಗಾಗಿ ಚೆನ್ನಾಗಿರೋ ಗಿಡದಲ್ಲಿ ಎರಡು ಕಾಯಿ ಕೀಳದೇ ಬಿಟ್ಟು, ಗಿಡದಲ್ಲೇ ಒಣಗಿ ಸೀಳೋ ಹೊತ್ತಿಗೆ ಬಿಡಿಸಿ ಇಟ್ಕೊಂಡ್ರೆ ಮುಂದಿನ ವರ್ಷಕ್ಕೆ ಅದೇ ಬೆಂಡೆ ಬರುತ್ತೆ. ಅವರದ್ದೇ ಅರ್ಕಾ ರಕ್ಷಕ್ ಟೊಮೆಟೊ ಎಲೆ ಮುರುಟು, ಸೊರಗು ರೋಗ, ಎಲೆ ಅಂಗಮಾರಿ ಮೂರಕ್ಕೂ ತಡ್ಕೊಳ್ಳುತ್ತೆ, ಆದ್ರೆ ಅದು ಹೈಬ್ರಿಡ್, ಅದರ ಬೀಜದಿಂದ ಅದೇ ಗುಣದ ಗಿಡ ಬರಲ್ಲ, ಹಾಗಾಗಿ ಬೀಜ ಇಟ್ಟು ಕಾಯ್ಬೇಡಿ, ಪ್ರತಿ ಸಲ ಹೊಸ ಪ್ಯಾಕೆಟ್ಟೇ ತಗೋಬೇಕು.

ಪ್ರಶ್ನೆ: ಅಕ್ಕಾ, ನಾವು ಸಾಗರದ ಹತ್ರ ಹಳ್ಳಿಯವರು. ನನ್ನ ಹತ್ರ ಡೇರೆ ಹೂವು (ಡೇಲಿಯಾ) 60 ಬಣ್ಣ ಇದೆ, ಅರ್ಧ ಅಮ್ಮನ ಕಾಲದ್ದು. ನಮ್ಮೂರಲ್ಲಿ ಒಬ್ಬರ ಮನೇಲಿ 100ಕ್ಕಿಂತ ಜಾಸ್ತಿ ಇದೆ, ನಾನೂ 100 ಮಾಡ್ಬೇಕು ಅಂತ ಆಸೆ. ಆದ್ರೆ ಹೋದ ಮಳೆಗಾಲದಲ್ಲಿ ಸುಮಾರು ಗಡ್ಡೆ ಕೊಳೆತು ಹೋಯ್ತು, ಯಾವುದು ಯಾವ ಬಣ್ಣ ಅನ್ನೋದೂ ಕಲಸಿ ಹೋಗಿದೆ.

ನಿಮ್ಮ ಪತ್ರ ಓದಿ ತುಂಬಾ ಹೊತ್ತು ಅದನ್ನೇ ಯೋಚಿಸ್ತಾ ಇದ್ದೆ. ಮಲೆನಾಡಿನ ಹೆಂಗಸರು ಜಡಿಮಳೆಯಲ್ಲಿ ಅಂಗಳದ ತುಂಬಾ ಡೇರೆ ಅರಳಿಸೋದು, ಅಕ್ಕಪಕ್ಕದ ಮನೆಗೆ ಹೋದಾಗ ಮೊದಲು ಡೇರೆ ನೋಡಿ ಆಮೇಲೆ ಒಳಗೆ ಹೋಗೋದು, ಗಡ್ಡೆ ಕೊಟ್ಟು ಗಡ್ಡೆ ತಗೊಳ್ಳೋದು, ಇದಕ್ಕೆ ಯಾವ ಸೊಸೈಟಿ ಇಲ್ಲ, ಕಪ್ ಇಲ್ಲ, ಆದ್ರೂ ನಮ್ಮ ನಾಡಿನ ಅತಿ ದೊಡ್ಡ ಹೂವಿನ ಕಲೆಕ್ಷನ್‌ಗಳು ಇಂಥ ಅಂಗಳಗಳಲ್ಲೇ ಉಳಿದಿರೋದು ಅಂತ ನಾನು ನಂಬ್ತೀನಿ. ಮೆಕ್ಸಿಕೋ ಕಡೆಯಿಂದ ಬಂದ ಗಿಡ ಮಲೆನಾಡಿನ ಮನೆಮಗಳಾಗಿದೆ.

ಅದಕ್ಕೇ ನಿಮ್ಮ ಗುರಿ 100 ಆಗೋದು ನಂಗಿಷ್ಟ ಇಲ್ಲ. ಈ ವರ್ಷ ಇರೋ ಬಣ್ಣ ಒಂದೂ ಕಳೀಬಾರದು, ಅಷ್ಟೇ ಗುರಿ. ಡೇರೆಯಲ್ಲಿ ಬಣ್ಣ ಒಂದು ಸಲ ಹೋದ್ರೆ ಹೋದಂಗೆ, ಬೀಜದಿಂದ ಅದೇ ಬಣ್ಣ ವಾಪಸ್ ಬರಲ್ಲ. ಎಷ್ಟೋ ಗಿಡಗಳಲ್ಲಿ ಗುಣಗಳನ್ನ ಹೊತ್ತಿರೋ ಕ್ರೋಮೋಸೋಮ್ ಎರಡು ಸೆಟ್ ಇದ್ರೆ ಈ ತೋಟದ ಡೇರೆಯಲ್ಲಿ ಎಂಟು ಸೆಟ್ ಇರುತ್ತೆ, ಹಾಗಾಗಿ ಒಂದೇ ಹೂವಿನ ಹತ್ತು ಬೀಜ ಹಾಕಿದ್ರೆ ಹತ್ತೂ ಬೇರೆ ಬೇರೆ ಬರಬಹುದು. ಅಮ್ಮನ ಕಾಲದ ಬಣ್ಣ ಉಳೀಬೇಕು ಅಂದ್ರೆ ಗಡ್ಡೆ ಇಲ್ಲಾ ಕುಡಿ, ಎರಡೇ ದಾರಿ.

ಒಂದೊಂದು ಬಣ್ಣನೂ ಎರಡು ಮನೇಲಿ ಇರ್ಬೇಕು. ನಿಮ್ಮನೇಲಿ ಒಂದು, ತಂಗಿ ಮನೇಲೋ ತವರಲ್ಲೋ ಇನ್ನೊಂದು. ಗಡ್ಡೆ ಒಡೆಯುವಾಗ ಒಂದು ವಿಷಯ ನೆನಪಿರ್ಲಿ, ಕಣ್ಣು (ಮೊಳಕೆ ಒಡೆಯೋ ಜಾಗ) ಇರೋದು ಗಡ್ಡೆಯಲ್ಲಲ್ಲ, ಗಡ್ಡೆ ಹಳೇ ಕಾಂಡಕ್ಕೆ ಸೇರೋ ಕತ್ತಿನ ಜಾಗದಲ್ಲಿ. ಕತ್ತು ಮುರಿದ ಗಡ್ಡೆ ಎಷ್ಟೇ ದಪ್ಪ ಇದ್ರೂ ಮೊಳಕೆ ಬರಲ್ಲ, ಅಂಥದ್ದನ್ನ ಯಾರಿಗಾದ್ರೂ ಕೊಟ್ಟು ಅವರಿಗೆ ಬೇಜಾರು ಮಾಡ್ಬೇಡಿ. ಏಪ್ರಿಲ್ ಕೊನೆಗೆ ಅಟ್ಟದಿಂದ ಗಡ್ಡೆ ಹೊರಗೆ ತೆಗೆದು ನೆರಳಲ್ಲಿಟ್ಟು ಸ್ವಲ್ಪ ತೇವ ತೋರಿಸಿ, ಕಣ್ಣು ಉಬ್ಬಿದ್ದು ಸ್ಪಷ್ಟವಾಗಿ ಕಾಣುತ್ತೆ, ಆಗ ಕಾಂಡದ ಚೂರು ಸೇರಿಸಿ ಚಾಕುವಲ್ಲಿ ಸೀಳಿ, ಕೊಯ್ದ ಬಾಯಿಗೆ ಒಲೆ ಬೂದಿ ಹಚ್ಚಿ ಒಂದೆರಡು ದಿನ ಒಣಗಿಸಿ ನೆಡಿ. ಒಂದೇ ಗಡ್ಡೆ ಇರೋ ಅಪರೂಪದ ಬಣ್ಣಕ್ಕೆ ಕುಡಿ ಮಾಡ್ಕೊಳ್ಳಿ: ಮೊಳಕೆ ಮೂರು ನಾಲ್ಕು ಇಂಚು ಬಂದಾಗ ಬುಡದಲ್ಲಿ ಒಂದು ಜೊತೆ ಎಲೆ ಬಿಟ್ಟು ಮೇಲಿನದ್ದು ಕೊಯ್ದು ಮರಳು ತುಂಬಿದ ಲೋಟದಲ್ಲಿ ಚುಚ್ಚಿದ್ರೆ ಎರಡು ಮೂರು ವಾರದಲ್ಲಿ ಬೇರು ಬರುತ್ತೆ, ಬುಡದಲ್ಲಿ ಉಳಿದದ್ದೂ ಮತ್ತೆ ಚಿಗುರುತ್ತೆ.

ಕೊಳೆಯೋದಕ್ಕೆ ಕಾರಣ ಮಳೆ ಅನ್ನೋದಕ್ಕಿಂತ ನಿಂತ ನೀರು. ಸಮ ನೆಲದಲ್ಲಿ ನೇರ ನೆಡಬೇಡಿ, ಒಂದಡಿ ಎತ್ತರ ಮಣ್ಣಿನ ಏರು ಮಾಡಿ ಅಥವಾ ತಳಕ್ಕೆ ತೂತು ಮಾಡಿದ ಸಿಮೆಂಟ್ ಚೀಲದಲ್ಲಿ ಮಾಡಿನ ಅಂಚಿಗೆ ಇಡಿ, ಆದ್ರೆ ಹೆಂಚಿನ ನೀರು ಸೀದಾ ಬುಡಕ್ಕೆ ಬೀಳೋ ಜಾಗ ಬೇಡ. ಕೋಲನ್ನ ಗಡ್ಡೆ ನೆಡೋವಾಗ್ಲೇ ಊರಿ, ಗಿಡ ಎತ್ತರ ಆದ್ಮೇಲೆ ಊರೋಕೆ ಹೋದ್ರೆ ಗಡ್ಡೆಗೆ ಚುಚ್ಚಿ ಅಲ್ಲಿಂದ ಕೊಳೆ ಶುರುವಾಗುತ್ತೆ. ಮಳೆ ನಿಂತು ಗಿಡ ಒಣಗಿದ ಮೇಲೆ ಗಡ್ಡೆ ಕಿತ್ತು, ಮಣ್ಣು ಒದರಿ, ಒಣ ಮರಳೋ ಬೂದಿಯೋ ಹಾಕಿ ಗಾಳಿಯಾಡೋ ಕಡೆ ಅಟ್ಟದಲ್ಲಿಡಿ, ಪ್ಲಾಸ್ಟಿಕ್ ಕವರಲ್ಲಿ ಬಿಗಿದು ಕಟ್ಟೋದು ಬೇಡವೇ ಬೇಡ. ಎಲೆ ನರ ಹಳದಿಯಾಗಿ ಗಿಡ ಕುಗ್ಗಿ ಹೋಗಿದ್ರೆ ಅದು ನಂಜು ರೋಗ (ವೈರಸ್), ಅದರ ಗಡ್ಡೆ ಮಾತ್ರ ಎಷ್ಟೇ ಪ್ರೀತಿಯ ಬಣ್ಣ ಆದ್ರೂ ಸುಟ್ಬಿಡಿ, ಇಟ್ಕೊಂಡ್ರೆ ಗಿಡದ ರಸ ಹೀರೋ ಸಸ್ಯಹೇನಿನಿಂದ ಪಕ್ಕದ್ದಕ್ಕೆ ದಾಟುತ್ತೆ.

ಬಣ್ಣ ಕಲಸಿ ಹೋಗಿರೋದಕ್ಕೆ ಈ ಸಲ ಹೂ ಬಿಟ್ಟಾಗಲೇ ಪರಿಹಾರ. ಅರಳಿದ ದಿನ ಫೋನಲ್ಲಿ ಫೋಟೋ ತೆಗೀರಿ, ಆ ಫೋಟೋದಲ್ಲೇ ನಂಬರ್ ಚೀಟಿನೂ ಕಾಣ್ಬೇಕು. ಚೀಟಿಗೆ ಮಾರ್ಕರ್ ಪೆನ್ ಬೇಡ, ಬಿಸಿಲು ಮಳೆಗೆ ಮಾಸಿ ಹೋಗುತ್ತೆ. ಐಸ್‌ಕ್ರೀಂ ಡಬ್ಬಿ ಕತ್ತರಿಸಿದ ಪಟ್ಟಿ ಮೇಲೆ ಪೆನ್ಸಿಲಲ್ಲಿ ಬರೆದದ್ದು ವರ್ಷ ಉಳಿಯುತ್ತೆ, ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನ್ ಕತ್ತರಿಸಿ ಖಾಲಿ ರೀಫಿಲ್ಲಿಂದ ಒತ್ತಿ ಬರೆದ್ರಂತೂ ಅಳಿಸೋದೇ ಇಲ್ಲ. ಆ ಚೀಟಿ ಕೋಲಿಗೆ ಕಟ್ಬೇಡಿ, ಕಾಂಡದ ಬುಡಕ್ಕೇ ಕಟ್ಟಿ, ಗಡ್ಡೆ ಕೀಳೋವಾಗ ಜೊತೆಗೇ ಅಟ್ಟ ಹತ್ತಲಿ. ಊರಲ್ಲಿ ಕರೆಯೋ ಹೆಸರೇ ಹಾಕಿ, ಯಾರು ಕೊಟ್ಟಿದ್ದು ಅನ್ನೋದನ್ನೂ ಹಾಕಿ. ಇಷ್ಟಾದ ಮೇಲೆ ಹೊಸದು ಬೇಕು ಅನ್ನೋ ಆಸೆಗೆ ಒಂದು ಹತ್ತು ಬೀಜ ಬಿತ್ತಿ, ಹುಟ್ಟಿದ್ದರಲ್ಲಿ ಒಂದು ಮನಸ್ಸಿಗೆ ಹಿಡಿಸಿದ್ರೂ ಅದು ಬೇರೆ ಯಾರ ಅಂಗಳದಲ್ಲೂ ಇಲ್ಲದ ನಿಮ್ಮದೇ ಬಣ್ಣ.

ಪ್ರಶ್ನೆ: ಗುರಿ, ಬಿತ್ತಿದ ದಿನ ಎಲ್ಲಾ ಬರೆದಿಡೋಕೆ ಒಳ್ಳೆ ಆ್ಯಪ್ ಹೇಳಿ. (ತುಮಕೂರು)

ಆ್ಯಪ್ ಬೇಡ. ಅಡುಗೆಮನೇಲಿ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್ ಇರುತ್ತಲ್ಲ, ಅದರ ಚೌಕದಲ್ಲೇ ಬರೀರಿ. ಬಿತ್ತಿದ್ದು, ಮೊದಲ ಹೂ, ಮೊದಲ ಕಾಯಿ, ಹುಳ ಕಂಡ ದಿನ. ಸತ್ತ ಗಿಡ ಇದ್ರೆ ಯಾಕೆ ಸತ್ತಿದ್ದು ಅಂತ ಒಂದು ಪದ: ನೀರು ಜಾಸ್ತಿ, ಬಿಸಿಲು, ಹಿಟ್ಟು ತಿಗಣೆ. ವರ್ಷ ಆದ್ಮೇಲೆ ಕ್ಯಾಲೆಂಡರ್ ಎಸೀಬೇಡಿ.

ಪ್ರಶ್ನೆ: ಹಾಯ್ ಮೇಡಂ, ಮಂಗಳೂರಿಂದ. ನಂಗೆ 26 ವರ್ಷ, ಸಂಬಳದಲ್ಲಿ ಒಳ್ಳೆ ಪಾಲು ರೇರ್ ಪ್ಲಾಂಟ್ಸ್‌ಗೇ ಹೋಗ್ತಿದೆ. ಮಾನ್‌ಸ್ಟೆರಾ, ಫಿಲೋಡೆಂಡ್ರಾನ್, ಆಂಥೂರಿಯಂ ಅಂತ ಎಲೆ ಚೆಂದದ ಗಿಡಗಳು, ಎಲ್ಲಾ ಆನ್‌ಲೈನಲ್ಲಿ ತರಿಸಿದ್ದು. ಅಮ್ಮ ಬೈತಾರೆ. ಕಲೆಕ್ಷನ್‌ಗೆ ಒಂದು ಶಿಸ್ತು ಬೇಕು ಅನಿಸ್ತಿದೆ.

ಶಿಸ್ತು ಬೇಕು ಅಂತ ನಿಮಗೇ ಅನಿಸಿದೆಯಲ್ಲ, ಒಳ್ಳೇದಾಯ್ತು. ಮಂಗಳೂರಿನ ತೇವ ಈ ಗಿಡಗಳಿಗೆ ಹೇಳಿ ಮಾಡಿಸಿದ್ದು, ಬೆಂಗಳೂರಿನವರು ಹ್ಯುಮಿಡಿಫೈಯರ್ ಇಟ್ಟು ಪಡೋ ಪಾಡು ನಿಮಗಿಲ್ಲ.

ನೀವು ದುಡ್ಡು ಕೊಡ್ತಿರೋದು ಗಿಡಕ್ಕಾ, ಸದ್ಯಕ್ಕೆ ಅದು ಸಿಗ್ತಾ ಇಲ್ಲ ಅನ್ನೋದಕ್ಕಾ, ಇದನ್ನ ಪ್ರತಿ ಸಲ ಕೇಳ್ಕೊಳ್ಳಿ. ಥಾಯ್ ಕಾನ್‌ಸ್ಟಲೇಶನ್ ಅನ್ನೋ ಬಿಳಿ ಚುಕ್ಕೆ ಮಾನ್‌ಸ್ಟೆರಾ ಟಿಶ್ಯೂ ಕಲ್ಚರಲ್ಲಿ (ಗಿಡದ ಚೂರಿಂದ ಲ್ಯಾಬಲ್ಲಿ ಸಸಿ ಮಾಡೋದು) ರಾಶಿ ರಾಶಿ ಬರೋಕೆ ಶುರುವಾದ ಮೇಲೆ ಅದರ ಬೆಲೆ ಬಿದ್ದು ಹೋಯ್ತು. ಆಲ್ಬೋ ಅನ್ನೋ ಇನ್ನೊಂದು ಮಾನ್‌ಸ್ಟೆರಾದ ಬಿಳಿ ಸ್ಥಿರವಲ್ಲ, ಪೂರ್ತಿ ಹಸಿರಿಗೆ ತಿರುಗಬಹುದು, ಪೂರ್ತಿ ಬಿಳಿ ಎಲೆ ಬಂದ್ರೆ ಅದಕ್ಕೆ ಆಹಾರ ಮಾಡ್ಕೊಳ್ಳೋ ಶಕ್ತಿನೇ ಇರಲ್ಲ. ಪಿಂಕ್ ಕಾಂಗೋ ಅಂತ ಮಾರೋ ಗುಲಾಬಿ ಫಿಲೋಡೆಂಡ್ರಾನ್ ಬಣ್ಣ ಕೆಮಿಕಲ್ ಉಪಚಾರದಿಂದ ಬಂದಿದ್ದು, ಕೆಲವು ತಿಂಗಳಲ್ಲಿ ಹೊಸ ಎಲೆ ಹಸಿರೇ ಬರುತ್ತೆ. ಅದನ್ನ ಮುಟ್ಟಲೇಬೇಡಿ.

ನಾನಾದ್ರೆ ಹೀಗೆ ಇಡ್ತೀನಿ: ಈ ವರ್ಷ ಒಂದೇ ಕುಲ, ನಿಮಗೆ ಆಂಥೂರಿಯಂ ಇಷ್ಟ ಅಂದ್ರೆ ಆಂಥೂರಿಯಂ ಮಾತ್ರ. ಇರೋ ಗಿಡದಿಂದ ಇನ್ನೊಂದು ಸಸಿ ಮಾಡಿ ಅದು ಹೊಸ ಎಲೆ ಬಿಡೋ ತನಕ ಮುಂದಿನದ್ದು ಕೊಳ್ಳೋ ಹಾಗಿಲ್ಲ. ಆ ಸಸಿ ಕೊಟ್ಟು ಬೇರೆಯವರಿಂದ ಬದಲಿ ತಗೊಂಡ್ರೆ ಸಂಬಳಾನೂ ಉಳಿಯುತ್ತೆ, ನಾಲ್ಕು ಜನರ ಪರಿಚಯನೂ ಆಗುತ್ತೆ. ಹೊಸ ಗಿಡ ಬಂದಾಗ ಎರಡು ಮೂರು ವಾರ ಬೇರೆ ರೂಮಲ್ಲಿಡಿ, ಎಲೆ ಸಂದಿಯಲ್ಲಿ ಹಿಟ್ಟು ತಿಗಣೆ, ಎಲೆ ಕೆಳಗೆ ಥ್ರಿಪ್ಸ್ (ರಸ ಹೀರೋ ಸಣ್ಣ ಹುಳ) ಇದ್ಯಾ ಅಂತ ಟಾರ್ಚ್ ಹಾಕಿ ನೋಡಿ ಆಮೇಲೆ ಒಳಗೆ ಸೇರಿಸಿ.

ಒಂದು ಕೋರಿಕೆ. ನಮ್ಮ ಪಶ್ಚಿಮ ಘಟ್ಟದ್ದೇ ಸೀತಾಳೆ ದಂಡೆ ಇದೆಯಲ್ಲ, ಮುಂಗಾರಿನ ಹೊತ್ತಿಗೆ ಗುಲಾಬಿ ಬಿಳಿ ಗೊಂಚಲು ಇಳಿಬಿಡೋ ಆರ್ಕಿಡ್, ಅದನ್ನೂ ನಿಮ್ಮ ಕಲೆಕ್ಷನ್‌ಗೆ ಸೇರಿಸಿ, ಆದ್ರೆ ಕಾಡಿನ ಮರದಿಂದ ಕಿತ್ತು ತಂದದ್ದು ಬೇಡ, ಮಾರೋಕೆ ತಂದ್ರೂ ತಗೋಬೇಡಿ. ನರ್ಸರಿಯಲ್ಲೇ ಬೆಳೆಸಿದ್ದು ಸಿಗೋ ತನಕ ಕಾಯಿರಿ.

ಪ್ರಶ್ನೆ: ರೀ ಅಕ್ಕಾರ, ನಮ್ದು ವಿಜಯಪುರ. ಏಪ್ರಿಲ್ ಮೇದಾಗ 40 ಡಿಗ್ರಿ ದಾಟತೈತಿ, ನಳದ ನೀರು ಯಾವಾಗರ ಬರ್ತೈತಿ. ಗಿಡ ಹಚ್ಚೂದು, ಒಣಗೂದು, ಮತ್ತ ಹಚ್ಚೂದು, ಇದ ಆಗೇತಿ. ನಮ್ಮಂಥಾವ್ರು ಏನ್ ಗುರಿ ಇಟ್ಕೋಬೇಕ್ರಿ?

ನಿಮ್ಮ ಗುರಿ ಎಲ್ಲರಿಗಿಂತ ದೊಡ್ಡದು ರೀ. ಕಾರಹುಣ್ಣಿಮೆ ತನಕ ಹೊಸ ಗಿಡ ಒಂದೂ ತರಬೇಡಿ, ಈಗ ಇರೋದನ್ನ ಬೇಸಿಗೆ ದಾಟಿಸಿ. ಕುಂಡಗಳನ್ನೆಲ್ಲಾ ಪೂರ್ವದ ಗೋಡೆ ಕಡೆ ಒತ್ತಟ್ಟಿಗೆ ಇಡಿ, ಮಧ್ಯಾಹ್ನ ಮೇಲೆ ಬಿಸಿಲು ತಾಗಬಾರದು, ಮೇಲೆ ಶೇಡ್ ನೆಟ್ ಹಾಕಿ. ಬುಡಕ್ಕೆ ಕಬ್ಬಿನ ರವದಿನೋ ಶೇಂಗಾ ಸಿಪ್ಪೆನೋ ಎರಡು ಇಂಚು ಮುಚ್ಚಿ. ನೆಲದಲ್ಲಿರೋ ಗಿಡದ ಪಕ್ಕ ಒಂದು ಮಣ್ಣಿನ ಗಡಿಗೆ ಕುತ್ತಿಗೆ ತನಕ ಹೂತು ನೀರು ತುಂಬಿ ಬಾಯಿ ಮುಚ್ಚಿಡಿ, ಒಳಗಿಂದ ಜಿನುಗಿ ಬೇರಿಗೆ ಮಾತ್ರ ಸಿಗುತ್ತೆ, ಮೇಲೆ ಆರಿ ಹೋಗಲ್ಲ. ಪೇಂಟ್ ಹಚ್ಚಿದ ಗಡಿಗೆ ನಡೆಯಲ್ಲ, ಅದು ಜಿನುಗಲ್ಲ. ಅಕ್ಕಿ ಬೇಳೆ ತೊಳೆದ ನೀರು ಗಡಿಗೆಗೆ ಬೇಡ, ಸೀದಾ ಗಿಡದ ಬುಡಕ್ಕೆ ಹಾಕಿ.

ಮಳೆ ಬಿದ್ದ ಮೇಲೆ ಹಚ್ಚೋಕೆ ನಿಮ್ಮ ಬಿಸಿಲಿಗೆ ಹೊಂದೋದನ್ನೇ ಆರಿಸ್ಕೊಳ್ಳಿ. ದುಂಡು ಮಲ್ಲಿಗೆ, ಕಾಗದದ ಹೂ, ಕರಿಬೇವು, ನುಗ್ಗೆ, ಕುಂಡದಲ್ಲಿ ಅಡೇನಿಯಂ. ಕಣಗಿಲೆನೂ ಬರುತ್ತೆ, ಆದ್ರೆ ಅದು ಪೂರ್ತಿ ವಿಷ, ಸಣ್ಣ ಮಕ್ಕಳು ದನಕರು ಓಡಾಡೋ ಕಡೆ ಬೇಡ. ಎರೆಮಣ್ಣು ಹಾಗೇ ಕುಂಡಕ್ಕೆ ತುಂಬಬೇಡಿ, ಒದ್ದೆಯಾದ್ರೆ ಅಂಟು, ಒಣಗಿದ್ರೆ ಬಿರುಕು, ಮರಳು ಮತ್ತೆ ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸಿ.

ಪ್ರಶ್ನೆ: ಮೈಸೂರಿನಿಂದ, ನಿವೃತ್ತ ಮೇಷ್ಟ್ರು. ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನ ನೋಡಿದಾಗಿನಿಂದ ದಸರಾಕ್ಕೆ ನಮ್ಮನೆ ತಾರಸಿ ತುಂಬ ಸೇವಂತಿಗೆ ಅರಳಿಸಬೇಕು ಅಂತ ಆಸೆ. ಗಿಡ ಸೊಂಪಾಗಿ ಬರ್ತವೆ, ಮೊಗ್ಗೇ ಇಲ್ಲ.

ಸರ್, ತಾರಸಿಯಲ್ಲಿ ರಾತ್ರಿ ಲೈಟ್ ಉರಿಯುತ್ತಾ, ಬೀದಿ ದೀಪದ ಬೆಳಕು ಬೀಳುತ್ತಾ ನೋಡಿ. ಸೇವಂತಿಗೆಗೆ ರಾತ್ರಿ ಉದ್ದ ಆದ್ರೇನೇ ಮೊಗ್ಗು. ಮಧ್ಯ ರಾತ್ರಿ ಬೆಳಕು ಬಿದ್ರೆ ಗಿಡ ಇನ್ನೂ ಬೇಸಿಗೆನೇ ಅನ್ಕೊಂಡು ಬರೀ ಎಲೆ ಬಿಡ್ತಾ ಇರುತ್ತೆ. ಕತ್ತಲಿರೋ ಮೂಲೆಗೆ ಸಾಗಿಸಿ, ಆಗಸ್ಟ್ ಮಧ್ಯದ ತನಕ ತುದಿ ಚಿವುಟ್ತಾ ಇರಿ, ಆಮೇಲೆ ಚಿವುಟಬೇಡಿ. ಹೆಚ್ಚಿನ ತಳಿ ತಾನಾಗಿ ಅರಳೋದು ಚಳಿ ಶುರುವಾದ ಮೇಲೆ, ಹಾಗಾಗಿ ಸೇವಂತಿಗೆ ಗುರಿಯನ್ನ ಸಂಕ್ರಾಂತಿಗೆ ಇಟ್ಕೊಳ್ಳಿ. ದಸರಾಕ್ಕೆ ಚೆಂಡು ಹೂ, ಜೀನಿಯಾ ಸಾಕಷ್ಟಾಯ್ತು, ಹಬ್ಬಕ್ಕೆ ಎರಡೂವರೆ ತಿಂಗಳು ಮುಂಚೆ ಬೀಜ ಹಾಕಿದ್ರೆ ಆಯುಧಪೂಜೆಗೆ ಹೂ ಕೊಳ್ಳೋದೇ ಬೇಡ.

ಪ್ರಶ್ನೆ: ಅಕ್ಕ, ನಾವು ಚಿಕಾಗೋ ಹತ್ರ ಇದೀವಿ. ಕರಿಬೇವಿನ ಗಿಡ ಪ್ರತಿ ಚಳಿಗಾಲ ಸಾಯುತ್ತೆ. ಊರಿಂದ ಮೈಸೂರು ಮಲ್ಲಿಗೆ ಕಡ್ಡಿನೂ ತರಬೇಕು ಅಂತಿದೀನಿ.

ಕಡ್ಡಿ ಬ್ಯಾಗಲ್ಲಿ ತರಬೇಡಿ, ಅನುಮತಿ, ಗಿಡಕ್ಕೆ ರೋಗ ಇಲ್ಲ ಅನ್ನೋ ಸರ್ಟಿಫಿಕೇಟ್ ಇಲ್ದೇ ಗಿಡ ತಗೊಂಡು ಹೋಗೋ ಹಾಗಿಲ್ಲ, ಏರ್‌ಪೋರ್ಟಲ್ಲಿ ಕಿತ್ಕೋತಾರೆ. ನಿಂಬೆ ಕಿತ್ತಳೆ ಜಾತಿಗೆ ರೋಗ ಹರಡೋ ಒಂದು ಸಣ್ಣ ಕೀಟ ಕರಿಬೇವಲ್ಲೂ ಬದುಕುತ್ತೆ, ಅದಕ್ಕೇ ಅಮೆರಿಕದೊಳಗೂ ಆ ಕೀಟ ಇರೋ ರಾಜ್ಯಗಳಿಂದ ಹೊರಗೆ ಕರಿಬೇವಿನ ಗಿಡ ಸಾಗಿಸೋಕೆ ನಿರ್ಬಂಧ ಇದೆ. ಅಲ್ಲೇ ನಿಮ್ಮ ಹತ್ರದ ನರ್ಸರಿಯಲ್ಲಿ ತಗೊಳ್ಳಿ.

ನಿಮ್ಮ ಗುರಿ ಒಂದೇ, ಈ ಗಿಡ ಮುಂದಿನ ವರ್ಷದ ಏಪ್ರಿಲ್ ನೋಡ್ಬೇಕು. ರಾತ್ರಿ 10 ಡಿಗ್ರಿಗೆ ಇಳಿಯೋ ಮುಂಚೆನೇ ಒಳಗೆ ತನ್ನಿ, ದಕ್ಷಿಣದ ಕಿಟಕಿ ಹತ್ರ ಇಡಿ, ಹೀಟರ್ ಗಾಳಿ ನೇರ ಬಡೀಬಾರದು. ಚಳಿಯಲ್ಲಿ ಎಲೆ ಉದುರಿಸಿ ಬೋಳಾಗಬಹುದು, ಆಗ ಗಾಬರಿಯಾಗಿ ನೀರು, ಗೊಬ್ಬರ ಸುರೀತಾರೆ, ಬೇರು ಕೊಳೆಯೋದೇ ಅದರಿಂದ. ಮೇಲಿನ ಎರಡು ಇಂಚು ಮಣ್ಣು ಒಣಗಿದ ಮೇಲೆ ಮಾತ್ರ ಸ್ವಲ್ಪ ನೀರು, ಗೊಬ್ಬರ ಏನೂ ಬೇಡ. ಕಾಂಡ ಉಗುರಲ್ಲಿ ಕೆರೆದು ನೋಡಿ, ಒಳಗೆ ಹಸಿರಿದ್ರೆ ಗಿಡ ಬದುಕಿದೆ. ಹೊರಗೆ ಇಡೋಕೆ ಮೇ ಕೊನೆ ತನಕ ಕಾಯಿರಿ, ಮೊದಲ ವಾರ ನೆರಳಲ್ಲಿಟ್ಟು ಆಮೇಲೆ ಬಿಸಿಲಿಗೆ.